ಸಣ್ಣ ಜಾಲತಾಣಗಳಿಗೆ ಜಾಹೀರಾತು ವರಮಾನ: ಜಾಹೀರಾತು ಜಾಲಗಳ ತುಲನಾತ್ಮಕ ಅಧ್ಯಯನ

ವ್ಯಾಪಾರಿಯೊಬ್ಬನು ಸ್ವಂತ ಜಾಲತಾಣ ಹೊಂದಿರುವುದು ಇಂದು ವಿಶೇಷದ ಸಂಗತಿಯಾಗಿ ಉಳಿದಿಲ್ಲ. ಮಾರುಕಟ್ಟೆಯ ದರಪಟ್ಟಿ, ಊರಿನ ಅಂಗಡಿಗಳ ವಿಳಾಸ, ಬಸ್ಸು ರೈಲುಗಳ ವೇಳೆ, ಬೇಸಾಯದ ಮಾಹಿತಿ, ಅಡುಗೆಯ ವಿಧಾನ ಮುಂತಾದವುಗಳನ್ನು ಒದಗಿಸುವ ಸಣ್ಣ ತಾಣಗಳನ್ನು ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕುಗಳಲ್ಲಿಯೂ ಅನೇಕರು ನಡೆಸುತ್ತಿದ್ದಾರೆ. ತಾಣಕ್ಕೆ ದಿನಕ್ಕೆ ಕೆಲವು ನೂರು ಮಂದಿ ಬರತೊಡಗಿದೊಡನೆ ಮಾಲೀಕರಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಇದರಿಂದ ಜಾಹೀರಾತಿನ ಹಣ ಬರಬಹುದೇ? ಬರುವುದಾದರೆ ಯಾವ ಜಾಹೀರಾತು ಜಾಲವನ್ನು ಆರಿಸಿಕೊಳ್ಳಬೇಕು?

ಇದಕ್ಕೆ ಉತ್ತರವಾಗಿ ಸಾಮಾನ್ಯವಾಗಿ ದೊರೆಯುವುದು ದರಗಳ ಪಟ್ಟಿ. ಒಂದು ಜಾಲ ಸಾವಿರಕ್ಕೆ ಇಷ್ಟು ಡಾಲರ್ ಕೊಡುತ್ತದೆ, ಇನ್ನೊಂದು ಅದರ ಇಮ್ಮಡಿ ಕೊಡುತ್ತದೆ ಎಂಬ ರೀತಿಯ ಹೋಲಿಕೆಯದು. ಇಂತಹ ಪಟ್ಟಿಯನ್ನು ನೆಚ್ಚಿ ಜಾಲವನ್ನು ಆರಿಸುವುದು ಸಣ್ಣ ತಾಣಗಳ ಮಟ್ಟಿಗೆ ಬಹುತೇಕ ತಪ್ಪು ದಾರಿ ಎಂಬುದು ಈ ಲೇಖಕನ ಅಭಿಪ್ರಾಯ. ಹೋಲಿಸಬೇಕಾದದ್ದು ಘೋಷಿತ ದರವನ್ನಲ್ಲ. ಕಡಿತಗಳೆಲ್ಲ ಕಳೆದು ಬ್ಯಾಂಕಿನ ಖಾತೆಗೆ ಸೇರುವ ರೂಪಾಯಿಯನ್ನು. ಇವೆರಡರ ನಡುವಿನ ಅಂತರ ಎಷ್ಟೆಂಬುದನ್ನು ಮುಂದೆ ಲೆಕ್ಕ ಹಾಕಿ ನೋಡೋಣ.

ಮಂಡಿ ಮತ್ತು ಪಟ್ಟಿ

ಜಾಹೀರಾತು ಜಾಲದ ವ್ಯವಹಾರವು ನಮ್ಮ ಓದುಗರಿಗೆ ಅಪರಿಚಿತವಾದುದಲ್ಲ. ಅದು ದಲ್ಲಾಳಿ ಮಂಡಿಯೇ. ಬೆಳೆಗಾರನು ಮಾಲು ತಂದು ಇಳಿಸುತ್ತಾನೆ, ಖರೀದಿದಾರರು ಬೆಲೆ ಕೂಗುತ್ತಾರೆ ಅಥವಾ ಚೀಟಿ ಹಾಕುತ್ತಾರೆ, ಮಂಡಿಯವರು ತಮ್ಮ ಕಮಿಷನ್ ಹಿಡಿದು ಉಳಿದುದನ್ನು ಕೊಡುತ್ತಾರೆ. ಇಲ್ಲಿ ಮಾಲು ಎಂದರೆ ತಾಣದ ಪುಟದಲ್ಲಿರುವ ಖಾಲಿ ಜಾಗ ಹಾಗೂ ಅದನ್ನು ನೋಡುವ ಓದುಗನ ಗಮನ. ಖರೀದಿದಾರನು ಜಾಹೀರಾತುದಾರ. ಪ್ರತಿಯೊಂದು ಪುಟ ತೆರೆಯುವಾಗಲೂ ಸೆಕೆಂಡಿನ ಅಲ್ಪಭಾಗದಲ್ಲಿ ಹರಾಜು ಮುಗಿದುಹೋಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಇನ್ನೊಂದು ವ್ಯತ್ಯಾಸವೂ ಉಂಟು. ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಬೆಳೆಗಾರನು ಹರಾಜನ್ನು ಕಣ್ಣಾರೆ ಕಾಣಬಲ್ಲನು. ಇಲ್ಲಿ ಮಂಡಿಯವರು ಕೊಟ್ಟ ಪಟ್ಟಿಯೇ ಅಂತಿಮ.

ಕಮಿಷನ್ನಿನ ಪ್ರಮಾಣವು ಬಹುಕಾಲ ಗುಟ್ಟಾಗಿಯೇ ಇತ್ತು. ಗೂಗಲ್ ಸಂಸ್ಥೆಯ ಆ್ಯಡ್‌ಸೆನ್ಸ್ 2003ರ ಜೂನ್‌ನಲ್ಲಿ ಆರಂಭವಾಯಿತು. ಆದರೆ ತಾಣದ ಮಾಲೀಕರಿಗೆ ಜಾಹೀರಾತು ಹಣದ ಶೇ. 68 ಭಾಗ ಸಲ್ಲುತ್ತದೆ ಎಂಬುದನ್ನು ಅದು ಬಹಿರಂಗಪಡಿಸಿದ್ದು 2010ರ ಮೇ ತಿಂಗಳಲ್ಲಿ. ಏಳು ವರ್ಷಗಳ ಕಾಲ ಜಗತ್ತಿನ ಲಕ್ಷಾಂತರ ಮಂದಿ ದಲ್ಲಾಳಿಯ ಪಾಲು ಎಷ್ಟೆಂದು ತಿಳಿಯದೆಯೇ ಮಾಲು ಇಳಿಸುತ್ತಿದ್ದರು. 2024ರಿಂದ ಈ ಲೆಕ್ಕವನ್ನು ಎರಡು ಭಾಗ ಮಾಡಲಾಗಿದೆ. ಜಾಹೀರಾತುದಾರನು ಗೂಗಲ್ ಆ್ಯಡ್ಸ್ ಮೂಲಕ 100 ರೂಪಾಯಿ ವಿನಿಯೋಗಿಸಿದರೆ ಖರೀದಿಯ ಕಡೆಯ ವ್ಯವಸ್ಥೆ ಸರಾಸರಿ 15 ರೂಪಾಯಿ ಹಿಡಿಯುತ್ತದೆ. ಉಳಿದ 85 ರೂಪಾಯಿಯಲ್ಲಿ ಶೇ. 80, ಅಂದರೆ 68 ರೂಪಾಯಿ, ತಾಣಕ್ಕೆ ಬರುತ್ತದೆ. ಮೊತ್ತ ಹಿಂದಿನಷ್ಟೇ. ಆದರೆ ಬೇರೆ ಸಂಸ್ಥೆಯ ಖರೀದಿ ವ್ಯವಸ್ಥೆಯಿಂದ ಬಂದ ಜಾಹೀರಾತಿನಲ್ಲಿ ಆ ಸಂಸ್ಥೆ ಮೊದಲು ಹಿಡಿದುಕೊಂಡ ಪಾಲು ಎಷ್ಟೆಂಬುದು ತಾಣದವರಿಗೆ ಕಾಣುವುದಿಲ್ಲ. ಅದೇ ಸಂದರ್ಭದಲ್ಲಿ ಕ್ಲಿಕ್ಕಿನ ಲೆಕ್ಕದ ಪಾವತಿಯನ್ನು ಬಿಟ್ಟು ಪ್ರದರ್ಶನದ ಲೆಕ್ಕದ ಪಾವತಿಗೆ ಆ್ಯಡ್‌ಸೆನ್ಸ್ ಬದಲಾಯಿತು ಎಂಬುದನ್ನೂ ಗಮನಿಸತಕ್ಕದ್ದು. ಹಳೆಯ ಕೈಪಿಡಿಗಳಲ್ಲಿ ಕಾಣುವ 'ಕ್ಲಿಕ್ಕಿಗೆ ಇಷ್ಟು' ಎಂಬ ಮಾತು ಈಗ ಆ ಜಾಲಕ್ಕೆ ಅನ್ವಯಿಸುವುದಿಲ್ಲ.

ದರ ಯಾವುದರ ಮೇಲೆ?

ಅಡಿಕೆಯ ದರ ಕ್ವಿಂಟಾಲಿಗೆ, ತೆಂಗಿನಕಾಯಿಯದು ಸಾವಿರಕ್ಕೆ. ಇವೆರಡನ್ನು ಯಾರೂ ಒಂದೇ ತಕ್ಕಡಿಯಲ್ಲಿಟ್ಟು ಹೋಲಿಸುವುದಿಲ್ಲ. ಜಾಹೀರಾತು ಜಾಲಗಳ ವಿಷಯದಲ್ಲಿ ಮಾತ್ರ ಇದು ದಿನನಿತ್ಯ ನಡೆಯುತ್ತಿದೆ. ಒಂದು ಜಾಲ ಸಾವಿರ ಜಾಹೀರಾತು ಪ್ರದರ್ಶನಕ್ಕೆ ದರ ಹೇಳುತ್ತದೆ, ಮತ್ತೊಂದು ಸಾವಿರ ಪುಟವೀಕ್ಷಣೆಗೆ, ಮಗದೊಂದು ಸಾವಿರ ಭೇಟಿಗೆ. ಒಬ್ಬ ಓದುಗನು ಒಂದು ಭೇಟಿಯಲ್ಲಿ ನಾಲ್ಕು ಪುಟ ನೋಡಬಹುದು. ಪ್ರತಿ ಪುಟದಲ್ಲಿ ಮೂರು ಜಾಹೀರಾತು ಇರಬಹುದು. ಅಲ್ಲಿಗೆ ಒಂದು ಭೇಟಿ ಎಂದರೆ ಹನ್ನೆರಡು ಪ್ರದರ್ಶನ. ಮೂರು ಅಳತೆಗಳ ದರವನ್ನು ಒಂದೇ ಸಾಲಿನಲ್ಲಿ ಬರೆದರೆ ಭೇಟಿಯ ದರವೇ ದೊಡ್ಡದಾಗಿ ಕಾಣುವುದು ಸಹಜ.

ಇದರ ಜೊತೆಗೆ ಭರ್ತಿಯ ಪ್ರಮಾಣ ಎಂಬುದೊಂದಿದೆ. ಪುಟ ತೆರೆದಾಗಲೆಲ್ಲ ಜಾಗಕ್ಕೆ ಜಾಹೀರಾತು ದೊರೆಯಲೇಬೇಕೆಂದಿಲ್ಲ. ಖರೀದಿದಾರರಿಲ್ಲದೆ ಜಾಗ ಖಾಲಿ ಉಳಿದರೆ ಅದಕ್ಕೆ ಹಣವೂ ಇಲ್ಲ.

ಉದಾಹರಣೆಗೆ, ಅಡಿಕೆ ಮತ್ತು ಕಾಳುಮೆಣಸಿನ ದರ ತಿಳಿಸುವ ಒಂದು ತಾಣವನ್ನು ಊಹಿಸಿಕೊಳ್ಳೋಣ. ತಿಂಗಳಿಗೆ 30,000 ಪುಟವೀಕ್ಷಣೆ. ಮುಂದೆ ಕೊಟ್ಟಿರುವ ದರಗಳು ಲೆಕ್ಕದ ಸ್ಪಷ್ಟತೆಗಾಗಿ ಕಲ್ಪಿಸಿದವು. ಯಾವುದೇ ಜಾಲದ ಘೋಷಿತ ದರಗಳಲ್ಲ.

ಮೊದಲನೆಯ ಜಾಲ ಸಾವಿರ ಪ್ರದರ್ಶನಕ್ಕೆ 40 ಸೆಂಟ್ ಕೊಡುತ್ತದೆ. ಪುಟಕ್ಕೆ ಮೂರು ಜಾಗ, ಭರ್ತಿಯ ಪ್ರಮಾಣ ಶೇ. 70. ಒಟ್ಟು 90,000 ಜಾಗಗಳಲ್ಲಿ 63,000 ತುಂಬುತ್ತವೆ. ತಿಂಗಳ ವರಮಾನ 25 ಡಾಲರ್ 20 ಸೆಂಟ್. ಎರಡನೆಯ ಜಾಲ ಸಾವಿರ ಪ್ರದರ್ಶನಕ್ಕೆ 1 ಡಾಲರ್ 20 ಸೆಂಟ್ ಕೊಡುತ್ತದೆ, ಅಂದರೆ ಮೂರು ಪಟ್ಟು ದರ. ಆದರೆ ಪುಟಕ್ಕೆ ಒಂದೇ ಜಾಗ, ಭರ್ತಿ ಶೇ. 50. ಪ್ರದರ್ಶನ 15,000, ವರಮಾನ 18 ಡಾಲರ್. ಮೂರು ಪಟ್ಟು ದರ ಹೇಳಿದ ಜಾಲ ಕೊಟ್ಟದ್ದು ಸುಮಾರು ಶೇ. 29ರಷ್ಟು ಕಡಿಮೆ.

ಇದನ್ನು ಪಟ್ಟಿಗೆ ಇಳಿಸೋಣ. ಡಾಲರಿಗೆ 90 ರೂಪಾಯಿ, ಪ್ರತಿ ಬಾರಿ ಹಣ ಬಂದಾಗ ಬ್ಯಾಂಕಿನ ಶುಲ್ಕ 300 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯ ಜಾಲದ ಕನಿಷ್ಠ ಪಾವತಿ ಮಿತಿ 100 ಡಾಲರ್. ನಾಲ್ಕು ತಿಂಗಳು ಕಾದರೆ 100 ಡಾಲರ್ 80 ಸೆಂಟ್, ಅಂದರೆ 9,072 ರೂಪಾಯಿ, ಶುಲ್ಕ ಕಳೆದು 8,772, ತಿಂಗಳಿಗೆ 2,193. ಎರಡನೆಯದರ ಮಿತಿ 50 ಡಾಲರ್. ಮೂರು ತಿಂಗಳಿಗೆ 54 ಡಾಲರ್, 4,860 ರೂಪಾಯಿ, ಶುಲ್ಕ ಕಳೆದು 4,560, ತಿಂಗಳಿಗೆ 1,520. ಮಿತಿ ಕಡಿಮೆಯಿದ್ದರೆ ಹಣ ಬೇಗ ಕೈಸೇರುವುದು ನಿಜ, ಆದರೆ ಶುಲ್ಕವನ್ನೂ ಅಷ್ಟೇ ಬೇಗ ತೆರಬೇಕಾಗುತ್ತದೆ. ಸದಸ್ಯರು ತಮ್ಮ ಬ್ಯಾಂಕಿನ ನಿಜವಾದ ಶುಲ್ಕ ಎಷ್ಟೆಂದು ವಿಚಾರಿಸಿ ಈ ಲೆಕ್ಕವನ್ನು ತಾವೇ ಒಮ್ಮೆ ಮಾಡಿ ನೋಡುವುದು ಒಳಿತು. ತಿಂಗಳಿಗೆ ಎರಡು ಸಾವಿರ ರೂಪಾಯಿ ಎಂಬ ಮೊತ್ತವನ್ನು ಕಂಡು ಕೆಲವರಿಗೆ ನಿರಾಶೆಯಾಗಬಹುದು. ನಿರಾಶೆ ಮೊದಲೇ ಆಗುವುದು ಲೇಸು.

ಜಾಲಗಳ ಪರಿಚಯ

ಆ್ಯಡ್‌ಸೆನ್ಸ್ ವಿಷಯವನ್ನು ಭಾಗಶಃ ಮೇಲೆಯೇ ಹೇಳಲಾಗಿದೆ. ಇದರ ದೊಡ್ಡ ಅನುಕೂಲವೆಂದರೆ ಕನಿಷ್ಠ ಓದುಗರ ಸಂಖ್ಯೆಯ ಷರತ್ತು ಇಲ್ಲದಿರುವುದು ಹಾಗೂ ಖರೀದಿದಾರರ ಸಂಖ್ಯೆ ಅಪಾರವಾಗಿರುವುದು. ವರಮಾನ 10 ಡಾಲರ್ ತಲುಪಿದಾಗ ವಿಳಾಸವನ್ನು ದೃಢಪಡಿಸಲು ಅಂಚೆಯ ಮೂಲಕ ಗುಪ್ತಸಂಖ್ಯೆ ಬರುತ್ತದೆ. ಹಳ್ಳಿಯ ವಿಳಾಸಗಳಿಗೆ ಈ ಲಕೋಟೆ ತಲುಪದೆ ತಿಂಗಳುಗಟ್ಟಲೆ ಪಾವತಿ ನಿಂತ ಪ್ರಸಂಗಗಳುಂಟು. ಅಂಗಡಿಯ ಅಥವಾ ಖಚಿತವಾಗಿ ಅಂಚೆ ತಲುಪುವ ವಿಳಾಸವನ್ನೇ ಮೊದಲು ಕೊಡುವುದು ಜಾಣತನ. ಪಾವತಿಯ ಮಿತಿ 100 ಡಾಲರ್. ಒಂದು ತಿಂಗಳ ಲೆಕ್ಕ ಮುಂದಿನ ತಿಂಗಳ 21ರಿಂದ 26ನೇ ತಾರೀಖಿನ ನಡುವೆ ಪಾವತಿಯಾಗುತ್ತದೆ. ಒಂದು ಕಾಲದಲ್ಲಿ ಭಾರತದವರಿಗೆ ಚೆಕ್ಕು ಬರುತ್ತಿತ್ತು. ಈಗ ನೇರವಾಗಿ ಬ್ಯಾಂಕಿಗೆ ಹಣ ಬರುತ್ತದೆ.

ಆ್ಯಡ್‌ಸೆನ್ಸ್‌ಗೆ ಸರಿಸಾಟಿಯಾಗಿ ನಿಲ್ಲಲು ಯತ್ನಿಸಿದವರ ಚರಿತ್ರೆ ಬೋಧಪ್ರದವಾದುದು. ಯಾಹೂ ಸಂಸ್ಥೆ 2003ರಲ್ಲಿ ಓವರ್‌ಚರ್ ಕಂಪನಿಯನ್ನು ಕೊಂಡು, 2005ರಲ್ಲಿ ಯಾಹೂ ಪಬ್ಲಿಷರ್ ನೆಟ್‌ವರ್ಕ್ ಎಂಬ ಜಾಲವನ್ನು ಅಮೆರಿಕದ ತಾಣಗಳಿಗೆ ಪ್ರಾಯೋಗಿಕವಾಗಿ ತೆರೆಯಿತು. ಅದು ಪ್ರಾಯೋಗಿಕ ಹಂತವನ್ನು ದಾಟಲೇ ಇಲ್ಲ; 2010ರ ಏಪ್ರಿಲ್ 30ರಂದು ಮುಚ್ಚಿತು. ಮುಚ್ಚುವಾಗ ತನ್ನ ತಾಣದೊಡೆಯರಿಗೆ ಅದು ಸೂಚಿಸಿದ ಬದಲಿ ಆಶ್ರಯ ಚಿತಿಕ ಎಂಬ ಜಾಲ. ಈ ಚಿತಿಕವನ್ನು 2003ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸ್ಥಾಪಿಸಿದವರು ಭಾರತೀಯ ಮೂಲದವರು. ಹೆಸರು ತೆಲುಗಿನದು, ನಮ್ಮ ಚಿಟಿಕೆಯೇ. ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಆಗುತ್ತದೆಂಬ ಅರ್ಥದಲ್ಲಿ ಇಟ್ಟದ್ದು. 2019ರಲ್ಲಿ ಅದೂ ಮುಚ್ಚಿತು. ಫೇಸ್‌ಬುಕ್ ಕೂಡ ತನ್ನ ಆಡಿಯೆನ್ಸ್ ನೆಟ್‌ವರ್ಕ್ ಜಾಲವನ್ನು ಮೊಬೈಲ್ ತಾಣಗಳ ಮಟ್ಟಿಗೆ 2020ರಲ್ಲಿ ನಿಲ್ಲಿಸಿತು. ಹೀಗೆ ಸಣ್ಣ ತಾಣಗಳಿಗೆ ಒಂದೊಂದಾಗಿ ಬಾಗಿಲು ಮುಚ್ಚಿದುದರಿಂದಲೇ ಮಂಡಿಯಲ್ಲಿ ಒಬ್ಬರೇ ದೊಡ್ಡ ದಲ್ಲಾಳಿ ಉಳಿದದ್ದು. ತಾಣಗಳು ಬಳಸುವ ಜಾಹೀರಾತು ತಂತ್ರಾಂಶದಲ್ಲಿಯೂ ಹರಾಜುಕಟ್ಟೆಯಲ್ಲಿಯೂ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆ ಎಂದು ಅಮೆರಿಕದ ಒಕ್ಕೂಟ ನ್ಯಾಯಾಲಯವೊಂದು 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ.

ಮೀಡಿಯಾ ಡಾಟ್ ನೆಟ್ ಭಾರತೀಯರಿಗೆ ಹೆಮ್ಮೆಯ ಹೆಸರು. ಮುಂಬಯಿಯ ದಿವ್ಯಾಂಕ್ ತುರಖಿಯಾ ಅವರು ಕಟ್ಟಿದ ಈ ಸಂಸ್ಥೆ ಯಾಹೂ ಮತ್ತು ಬಿಂಗ್ ಶೋಧಯಂತ್ರಗಳ ಜಾಹೀರಾತುಗಳನ್ನು ಪುಟದ ವಿಷಯಕ್ಕೆ ಹೊಂದಿಸಿ ತೋರಿಸುವ ವಿಧಾನದಿಂದ ಬೆಳೆಯಿತು. 2016ರಲ್ಲಿ ಚೀನಾದ ಹೂಡಿಕೆದಾರರ ಕೂಟವೊಂದು ಸುಮಾರು 90 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಇಂಗ್ಲಿಷ್ ಪುಟಗಳು, ಅಮೆರಿಕ, ಬ್ರಿಟನ್, ಕೆನಡಾಗಳ ಓದುಗರು, ಇವು ಇದ್ದವರಿಗೆ ಇದು ಒಳ್ಳೆಯ ಜಾಲ. ಕನ್ನಡದ ಪುಟಗಳಿಗೆ ಇದರಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಎಜೋಯಿಕ್, ಮೀಡಿಯಾವೈನ್, ರ‍್ಯಾಪ್ಟಿವ್ ಮೊದಲಾದವುಗಳನ್ನು ಜಾಲ ಎನ್ನುವುದಕ್ಕಿಂತ ಮೇಲ್ವಿಚಾರಕ ಸಂಸ್ಥೆ ಎನ್ನುವುದು ಸರಿ. ಇವು ಹಲವು ಹರಾಜುಕಟ್ಟೆಗಳನ್ನು ಒಟ್ಟಿಗೆ ಕೂಡಿಸಿ, ತಾಣದ ಜಾಗಕ್ಕೆ ಅವುಗಳ ನಡುವೆ ಪೈಪೋಟಿ ಹುಟ್ಟಿಸಿ, ತಮ್ಮ ಪಾಲು ಹಿಡಿಯುತ್ತವೆ. ಪೈಪೋಟಿ ಇದ್ದಲ್ಲಿ ಬೆಲೆ ಏರುವುದು ಯಾವ ಮಂಡಿಯಲ್ಲಿಯೂ ಕಾಣುವ ಸಂಗತಿ. ಆದ್ದರಿಂದ ಇವುಗಳ ವರಮಾನ ಸಾಮಾನ್ಯವಾಗಿ ಹೆಚ್ಚು. ಆದರೆ ಬಾಗಿಲಲ್ಲಿಯೇ ತಡೆಯಿದೆ. ಮೀಡಿಯಾವೈನ್ ಹಲವು ವರ್ಷ ತಿಂಗಳಿಗೆ 50,000 ಭೇಟಿಗಳ ಷರತ್ತನ್ನು ಇಟ್ಟುಕೊಂಡಿತ್ತು. ಅದಕ್ಕಿಂತ ಚಿಕ್ಕ ತಾಣಗಳಿಗಾಗಿ ಜರ್ನಿ ಎಂಬ ಬೇರೊಂದು ಯೋಜನೆಯನ್ನು 2024ರಲ್ಲಿ ತೆರೆಯಿತು. ಪಾವತಿಯ ಅವಧಿಯೂ ದೀರ್ಘ: ಮೀಡಿಯಾವೈನ್‌ನಲ್ಲಿ ತಿಂಗಳು ಮುಗಿದ ಮೇಲೆ 65 ದಿನ. ಉದ್ದರಿಯ ವ್ಯಾಪಾರ ಮಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಇನ್‌ಮೊಬಿ 2007ರಲ್ಲಿ ಎಂಖೋಜ್ ಎಂಬ ಹೆಸರಿನಲ್ಲಿ ಆರಂಭವಾಗಿ ಜಾಗತಿಕ ಮಟ್ಟಕ್ಕೆ ಬೆಳೆದ ಸಂಸ್ಥೆ. ಆದರೆ ಅದರ ಮುಖ್ಯ ಕ್ಷೇತ್ರ ಮೊಬೈಲ್ ಆ್ಯಪ್‌ಗಳು; ಜಾಲತಾಣವಷ್ಟೇ ಇದ್ದವರಿಗೆ ಹೆಚ್ಚು ಉಪಯೋಗವಿಲ್ಲ.

ಇನ್ನುಳಿದವು ಪ್ರೊಪೆಲ್ಲರ್ ಆ್ಯಡ್ಸ್, ಆ್ಯಡ್‌ಸ್ಟೆರಾ ಮುಂತಾದ ಜಾಲಗಳು. ಇವುಗಳಲ್ಲಿ ಯಾವ ಭಾಷೆಯ, ಯಾವ ಗಾತ್ರದ ತಾಣಕ್ಕೂ ಸುಲಭವಾಗಿ ಪ್ರವೇಶ ಉಂಟು. ಪಾವತಿಯ ಮಿತಿಯೂ ಕಡಿಮೆ. ಓದುಗನು ಪುಟದಲ್ಲಿ ಎಲ್ಲಿ ಮುಟ್ಟಿದರೂ ಹಿಂದೆ ಇನ್ನೊಂದು ಕಿಟಕಿ ತೆರೆದುಕೊಳ್ಳುವ ಬಗೆಯ ಜಾಹೀರಾತುಗಳಿಗೆ ಇವು ಹೆಸರಾಗಿವೆ. ಇಂತಹ ಜಾಹೀರಾತನ್ನು ವರ್ತಕರು ತಮ್ಮ ಅಂಗಡಿಯ ಹೆಸರಿರುವ ತಾಣದಲ್ಲಿ ಹಾಕಕೂಡದೆಂದೇ ಹೇಳಬೇಕಾಗುತ್ತದೆ. ಕಾರಣ ಶಿಷ್ಟಾಚಾರ ಮಾತ್ರವಲ್ಲ. ಓದುಗರಿಗೆ ಕಿರುಕುಳವಾಗುವ ಕೆಲವು ಬಗೆಯ ಜಾಹೀರಾತುಗಳಿರುವ ತಾಣಗಳಲ್ಲಿ ಎಲ್ಲ ಜಾಹೀರಾತುಗಳನ್ನೂ ತಡೆಯುವ ಕ್ರಮವನ್ನು ಕ್ರೋಮ್ ಬ್ರೌಸರ್ 2018ರ ಫೆಬ್ರವರಿಯಲ್ಲಿ ಆರಂಭಿಸಿತು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು. ಹೀಗೆ ತೆರೆದುಕೊಳ್ಳುವ ಕಿಟಕಿಗಳಲ್ಲಿ ಹಣ ಕಟ್ಟಿ ಆಡುವ ಆಟಗಳ ಹಾಗೂ ಬಾಜಿಯ ಜಾಹೀರಾತುಗಳು ಕಾಣಿಸಿಕೊಳ್ಳುವುದುಂಟು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯು ಹಣದ ಆಟಗಳ ಜಾಹೀರಾತಿಗೂ ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸಿದೆ. ತಿಂಗಳಿಗೆ ಕೆಲವು ನೂರು ರೂಪಾಯಿಗಾಗಿ ಹೊರತಕ್ಕ ಅಪಾಯವಲ್ಲ ಇದು.

ಕನ್ನಡ ಪುಟಗಳ ಸ್ಥಿತಿ

ಆ್ಯಡ್‌ಸೆನ್ಸ್ ಆರಂಭವಾದ ನಂತರ ಹನ್ನೊಂದು ವರ್ಷಗಳವರೆಗೆ ಭಾರತೀಯ ಭಾಷೆಗಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ಹಿಂದಿ ಸೇರಿತು, 2017ರಲ್ಲಿ ಬಂಗಾಳಿ, 2018ರಲ್ಲಿ ತಮಿಳು ಮತ್ತು ತೆಲುಗು. ಕನ್ನಡದ ಸರದಿ ಬಂದದ್ದು ಇವುಗಳ ನಂತರ. ಅಲ್ಲಿಯವರೆಗೆ ಕನ್ನಡದಲ್ಲಿ ಶ್ರಮವಹಿಸಿ ತಾಣ ನಡೆಸಿದವರು ಜಾಹೀರಾತಿಗಾಗಿ ಕೆಲವು ಇಂಗ್ಲಿಷ್ ಪುಟಗಳನ್ನೂ ಇಟ್ಟುಕೊಳ್ಳಬೇಕಾಗಿತ್ತು.

ಈಗ ಮಾನ್ಯತೆಯೇನೋ ದೊರೆತಿದೆ. ಆದರೆ ಮಾನ್ಯತೆ ಬೇರೆ, ಬೇಡಿಕೆ ಬೇರೆ. ಕನ್ನಡ ಪುಟಗಳ ಜಾಗವನ್ನು ಕೊಳ್ಳಲು ಎಷ್ಟು ಜಾಹೀರಾತುದಾರರು ಹರಾಜಿಗೆ ಬರುತ್ತಾರೆ ಎಂಬುದರ ಮೇಲೆ ಬೆಲೆ ನಿಂತಿದೆ. ವಿಮೆ, ಸಾಲ, ವಕೀಲಿ ಸೇವೆ, ತಂತ್ರಾಂಶ ಇವುಗಳ ಜಾಹೀರಾತುದಾರರು ಒಬ್ಬ ಗಿರಾಕಿಯಿಂದ ಬರುವ ಲಾಭ ದೊಡ್ಡದಾದುದರಿಂದ ಹೆಚ್ಚು ಬೆಲೆ ಕೊಡಬಲ್ಲರು. ಅವರ ಹಣ ಬಹುಪಾಲು ಇಂಗ್ಲಿಷ್ ಪುಟಗಳ ಕಡೆಗೆ ಹರಿಯುತ್ತದೆ. ಓದುಗನು ಇರುವ ದೇಶವೂ ಮುಖ್ಯ. ಒಂದೇ ಕನ್ನಡ ಪುಟವನ್ನು ಹಾವೇರಿಯಲ್ಲಿ ಕುಳಿತು ನೋಡಿದಾಗ ಇಲ್ಲಿಯ ಜಾಹೀರಾತುದಾರರ ನಡುವೆ ಹರಾಜಾಗುತ್ತದೆ. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರೊಬ್ಬರು ನೋಡಿದಾಗ ಅಮೆರಿಕದ ಜಾಹೀರಾತುದಾರರ ನಡುವೆ ಹರಾಜಾಗುತ್ತದೆ. ಎರಡರ ಬೆಲೆಯಲ್ಲಿ ಬಹಳ ಅಂತರವಿರುತ್ತದೆ. ಅಡುಗೆ, ಹಬ್ಬದ ಆಚರಣೆ, ಮಕ್ಕಳಿಗೆ ಕನ್ನಡ ಕಲಿಸುವುದು ಮುಂತಾಗಿ ಹೊರದೇಶದ ಕನ್ನಡಿಗರೂ ಬಯಸುವ ವಿಷಯಗಳ ತಾಣಕ್ಕೂ, ಒಂದು ತಾಲ್ಲೂಕಿನ ದರಪಟ್ಟಿಯ ತಾಣಕ್ಕೂ ಅದೇ ಜಾಲ ಬೇರೆ ಬೇರೆ ಫಲ ಕೊಡುವುದು ಈ ಕಾರಣದಿಂದ. ಬೇರೆಯವರ ತಾಣದ ಅನುಭವವನ್ನು ನಮ್ಮ ತಾಣಕ್ಕೆ ಅನ್ವಯಿಸಲಾಗದು.

ಅಸಿಂಧು ಕ್ಲಿಕ್ಕುಗಳು

ಜಾಹೀರಾತುದಾರನ ಹಣ ಪೋಲಾಗದಂತೆ ನೋಡಿಕೊಳ್ಳುವುದು ಜಾಲದ ಹೊಣೆ. ಕಳ್ಳ ಕ್ಲಿಕ್ಕುಗಳ ವಿಷಯವಾಗಿ ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಹೂಡಲಾದ ಮೊಕದ್ದಮೆಯನ್ನು ಗೂಗಲ್ 2006ರಲ್ಲಿ 9 ಕೋಟಿ ಡಾಲರ್‌ವರೆಗಿನ ಪರಿಹಾರಕ್ಕೆ ಒಪ್ಪಿ ಬಗೆಹರಿಸಿಕೊಂಡಿತು. ಅಂದಿನಿಂದ ಈ ವಿಷಯದಲ್ಲಿ ಜಾಲಗಳು ಬಹಳ ಬಿಗಿ. ತಿಂಗಳ ಕೊನೆಯಲ್ಲಿ ಅಸಿಂಧುವೆಂದು ತೋರಿದ ಮೊತ್ತವನ್ನು ಕಳೆದೇ ಪಟ್ಟಿ ಬರುತ್ತದೆ; ತಿಂಗಳ ನಡುವೆ ತೋರಿಸುವುದು ಅಂದಾಜು ಮಾತ್ರ.

ಸಣ್ಣ ತಾಣಗಳು ಸಿಕ್ಕಿಬೀಳುವುದು ವಂಚನೆಯಿಂದಲ್ಲ, ಸಲುಗೆಯಿಂದ. ಅಂಗಡಿಯ ಹುಡುಗರು, ಅಣ್ಣತಮ್ಮಂದಿರು, ಗೆಳೆಯರು 'ನಮ್ಮವರ ತಾಣ' ಎಂಬ ವಿಶ್ವಾಸದಿಂದ ದಿನವೂ ಜಾಹೀರಾತು ಒತ್ತುತ್ತಾರೆ. ಜಾಲದ ಯಂತ್ರಕ್ಕೆ ವಿಶ್ವಾಸ ತಿಳಿಯದು. ಒಂದೇ ಊರಿನಿಂದ, ಅವೇ ಕೆಲವು ಫೋನುಗಳಿಂದ ಬಂದ ಕ್ಲಿಕ್ಕುಗಳಷ್ಟೇ ತಿಳಿಯುತ್ತವೆ. ಖಾತೆ ರದ್ದಾದರೆ ಸೇರಿದ ಬಾಕಿಯೂ ಹೋಗಬಹುದು, ಮರುಪ್ರವೇಶ ಬಲು ಕಷ್ಟ. ಜಾಹೀರಾತು ಒತ್ತಿರೆಂದು ಓದುಗರನ್ನು ಕೇಳಿಕೊಳ್ಳುವುದು, ಹಣ ಕೊಟ್ಟು ಓದುಗರ ಸಂಖ್ಯೆಯನ್ನು ತರಿಸುವುದು ಇವೂ ನಿಷಿದ್ಧ. ಇದರ ಜೊತೆಗೆ, ತಾಣದ ಜಾಗ ಮಾರಲು ಯಾವ ಜಾಲಗಳಿಗೆ ಅಧಿಕಾರವಿದೆ ಎಂಬುದನ್ನು ತಿಳಿಸುವ ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಕಡತವೊಂದನ್ನು ತಾಣದಲ್ಲಿ ಇಡಬೇಕು. 2017ರಲ್ಲಿ ಬಂದ ಈ ಪದ್ಧತಿ ಈಗ ಬಹುತೇಕ ಕಡ್ಡಾಯ. ಜಾಲ ಬದಲಿಸಿದಾಗ ಇದನ್ನು ತಿದ್ದಲು ಮರೆತರೆ ಖರೀದಿದಾರರು ದೂರ ಉಳಿಯುತ್ತಾರೆ.

ಪರೀಕ್ಷಿಸುವ ಕ್ರಮ

ಎರಡು ಜಾಲಗಳನ್ನು ಹೋಲಿಸಲು ಅನೇಕರು ಒಂದು ತಿಂಗಳು ಇದನ್ನು, ಮುಂದಿನ ತಿಂಗಳು ಅದನ್ನು ಹಾಕಿ ನೋಡುತ್ತಾರೆ. ಇದು ಸರಿಯಾದ ಕ್ರಮವಲ್ಲ. ಜಾಹೀರಾತಿನ ಬೆಲೆಗೂ ಸುಗ್ಗಿ ಉಂಟು. ದಸರಾ ದೀಪಾವಳಿಗಳಲ್ಲಿ ಇಲ್ಲಿಯ ಬೇಡಿಕೆ, ನವೆಂಬರ್ ಡಿಸೆಂಬರ್‌ನಲ್ಲಿ ಪಾಶ್ಚಾತ್ಯ ದೇಶಗಳ ಬೇಡಿಕೆ ಏರುತ್ತವೆ. ಜನವರಿಯಲ್ಲಿ ಬೆಲೆ ಕುಸಿಯುತ್ತದೆ. ಡಿಸೆಂಬರ್‌ನಲ್ಲಿ ಒಂದನ್ನೂ ಜನವರಿಯಲ್ಲಿ ಮತ್ತೊಂದನ್ನೂ ಹಾಕಿದವನು ಜಾಲಗಳನ್ನಲ್ಲ, ತಿಂಗಳುಗಳನ್ನು ಹೋಲಿಸಿದಂತಾಗುತ್ತದೆ. ಒಂದೇ ಅವಧಿಯಲ್ಲಿ ಅರ್ಧ ಪುಟವೀಕ್ಷಣೆಗಳಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು ಬರುವಂತೆ ಹಂಚಬೇಕು. ತಾಣ ಮಾಡಿಕೊಟ್ಟ ತಂತ್ರಜ್ಞರಿಗೆ ಇದು ದೊಡ್ಡ ಕೆಲಸವಲ್ಲ. ಆ ಜಾಲಗಳ ನಿಯಮಗಳು ಜೊತೆ ಬಳಕೆಗೆ ಒಪ್ಪುತ್ತವೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಸಂಖ್ಯೆ ಚಿಕ್ಕದಿದ್ದಾಗ ಆತುರದ ತೀರ್ಮಾನವೂ ಸಲ್ಲದು. ತಿಂಗಳಿಗೆ 25 ಕ್ಲಿಕ್ಕು ಬರುವಲ್ಲಿ ಯಾವ ಕಾರಣವೂ ಇಲ್ಲದೆ ಐದು ಹೆಚ್ಚು, ಐದು ಕಡಿಮೆ ಆಗುವುದು ಸಾಮಾನ್ಯ. ಒಂದು ಜಾಲಕ್ಕೆ 22, ಇನ್ನೊಂದಕ್ಕೆ 27 ಬಂದರೆ ಅದರಿಂದ ಏನೂ ತಿಳಿದಂತಾಗಲಿಲ್ಲ. ಸಂಖ್ಯೆ ನೂರುಗಳಿಗೆ ಏರುವವರೆಗೆ ಕಾಯಬೇಕು, ಅದಕ್ಕೆ ಹಲವು ತಿಂಗಳು ಹಿಡಿದರೂ ಸರಿಯೇ. ಈ ಅವಧಿಯಲ್ಲಿ ಪುಟ ತೆರೆಯಲು ತಗಲುವ ಕಾಲವನ್ನೂ ಗಮನಿಸತಕ್ಕದ್ದು. ಹೆಚ್ಚು ಜಾಹೀರಾತು ತುರುಕಿ ಪುಟ ನಿಧಾನವಾದರೆ ಓದುಗರು ಕಡಿಮೆಯಾಗುತ್ತಾರೆ. ಆ ನಷ್ಟ ಜಾಲದ ಪಟ್ಟಿಯಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ.

ಊರಿನ ಜಾಹೀರಾತು

ಮೇಲಿನ ಉದಾಹರಣೆಯ ತಾಣಕ್ಕೆ ಮರಳೋಣ. ಉತ್ತಮ ಜಾಲದಿಂದ ತಿಂಗಳಿಗೆ 2,193 ರೂಪಾಯಿ ಬಂತು. ಅದೇ ತಾಣವನ್ನು ನೋಡುವವರು ಒಂದೇ ಸೀಮೆಯ ಬೆಳೆಗಾರರು. ಅವರಿಗೆ ಮಾರುವವರಾದ ಗೊಬ್ಬರದ ಅಂಗಡಿ, ಪಂಪ್‌ಸೆಟ್ ವ್ಯಾಪಾರಿ, ಅಡಿಕೆ ಸುಲಿಯುವ ಯಂತ್ರದ ಮಾರಾಟಗಾರ, ಈ ಮೂವರು ತಲಾ 1,000 ರೂಪಾಯಿ ಕೊಟ್ಟರೂ 3,000 ಆಯಿತು. ಇದರಲ್ಲಿ ದಲ್ಲಾಳಿಯ ಪಾಲಿಲ್ಲ, ಡಾಲರಿನ ಏರಿಳಿತವಿಲ್ಲ, ಖಾತೆ ರದ್ದಾಗುವ ಭಯವಿಲ್ಲ. ಜಾಲದ ಹರಾಜಿನಲ್ಲಿ ಈ ಓದುಗರು 'ಭಾರತದ ಕನ್ನಡ ಓದುಗರು' ಎಂಬ ಸಗಟು ರಾಶಿಯ ಒಂದು ಹಿಡಿ ಮಾತ್ರ. ಪಂಪ್‌ಸೆಟ್ ವ್ಯಾಪಾರಿಯ ದೃಷ್ಟಿಯಲ್ಲಿ ಅವರೇ ಬೇಕಾದ ಗಿರಾಕಿಗಳು. ಆದರೆ ಜಾಹೀರಾತು ಕೇಳಲು ಅಂಗಡಿಗಳಿಗೆ ಹೋಗಬೇಕು, ವಸೂಲಿಗೆ ಮತ್ತೆ ಹೋಗಬೇಕು. ಆ ಶ್ರಮವೂ ಖರ್ಚೇ. ಎರಡನ್ನೂ ಕೂಡಿಸಿ, ಉತ್ತಮ ಜಾಗವನ್ನು ಊರಿನವರಿಗೆ ಮೀಸಲಿಟ್ಟು, ಉಳಿದುದನ್ನು ಜಾಲಕ್ಕೆ ಬಿಡುವುದು ಅನೇಕ ಸಣ್ಣ ತಾಣಗಳಿಗೆ ಹೊಂದಿಕೊಳ್ಳುವ ವ್ಯವಸ್ಥೆ.

ಸ್ವಂತ ಅಂಗಡಿಯ ತಾಣದಲ್ಲಿ ಜಾಲದ ಜಾಹೀರಾತು ಹಾಕುವವರು ಇನ್ನೊಂದನ್ನು ಯೋಚಿಸಬೇಕು. ಜಾಲವು ಪುಟದ ವಿಷಯಕ್ಕೆ ಹೊಂದುವ ಜಾಹೀರಾತನ್ನೇ ತರುತ್ತದೆ. ಬೆಳ್ಳಿ ಸಾಮಾನಿನ ಅಂಗಡಿಯ ತಾಣದಲ್ಲಿ ಇನ್ನೊಬ್ಬ ಬೆಳ್ಳಿ ವ್ಯಾಪಾರಿಯ ಜಾಹೀರಾತು ಬರುವುದು ಯಂತ್ರದ ದೃಷ್ಟಿಯಲ್ಲಿ ಅತ್ಯಂತ ಸೂಕ್ತ. ಪ್ರತಿಸ್ಪರ್ಧಿಗಳ ವಿಳಾಸವನ್ನು ತಡೆಯುವ ಅವಕಾಶ ಆ್ಯಡ್‌ಸೆನ್ಸ್‌ನಲ್ಲಿ ಉಂಟಾದರೂ ಎಷ್ಟು ಜನರನ್ನೆಂದು ತಡೆಯುವುದು? ಕೆಲವು ರೂಪಾಯಿಗೆ ಗಿರಾಕಿಯನ್ನೇ ಪಕ್ಕದಂಗಡಿಗೆ ಕಳುಹಿಸಿಕೊಟ್ಟಂತಾಗುತ್ತದೆ. ಮಾರಾಟಕ್ಕಾಗಿ ಇರುವ ತಾಣದಲ್ಲಿ ಜಾಲದ ಜಾಹೀರಾತು ಬೇಡ.

ತೆರಿಗೆ ಮತ್ತು ಬ್ಯಾಂಕು

ಈ ವರಮಾನ ವ್ಯವಹಾರದ ಆದಾಯವೇ. ಮೊತ್ತ ಸಣ್ಣದೆಂದು ಲೆಕ್ಕದಿಂದ ಬಿಡುವಂತಿಲ್ಲ. ಆ್ಯಡ್‌ಸೆನ್ಸ್ ಹಣ ಗೂಗಲಿನ ಸಿಂಗಪುರದ ಕಂಪನಿಯಿಂದ ಬರುವುದಾದ್ದರಿಂದ ಜಿ.ಎಸ್.ಟಿ. ದೃಷ್ಟಿಯಲ್ಲಿ ಇದು ಸೇವೆಯ ರಫ್ತು, ಶೂನ್ಯ ದರದ ಪೂರೈಕೆ. ಅಂತರಜಾಲದ ಜಾಹೀರಾತು ಜಾಗದ ಮಾರಾಟಕ್ಕೆ ಸೇವಾ ಸಂಕೇತ 998365. ಸೇವೆ ಒದಗಿಸುವವರಿಗೆ ನೋಂದಣಿಯ ಸಾಮಾನ್ಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ; ಆ ಮಿತಿಯನ್ನು ಎಣಿಸುವಾಗ ರಫ್ತಿನ ಮೊತ್ತವೂ ಸೇರುತ್ತದೆ. ಈಗಾಗಲೇ ನೋಂದಣಿ ಉಳ್ಳ ವರ್ತಕರು ಈ ಮೊತ್ತವನ್ನು ರಿಟರ್ನ್‌ನಲ್ಲಿ ತೋರಿಸಬೇಕು, ತೆರಿಗೆ ಕಟ್ಟದೆ ರಫ್ತು ಮಾಡಲು ಪ್ರತಿ ಹಣಕಾಸು ವರ್ಷಕ್ಕೂ ಆರ್.ಎಫ್.ಡಿ.-11 ನಮೂನೆಯಲ್ಲಿ ಮುಚ್ಚಳಿಕೆ ಸಲ್ಲಿಸಬೇಕು. ಊರಿನ ಅಂಗಡಿಯಿಂದ ಪಡೆದ ಜಾಹೀರಾತಿಗಾದರೋ ನೋಂದಾಯಿತರು ಶೇ. 18 ತೆರಿಗೆ ಸೇರಿಸಿ ಬಿಲ್ಲು ಕೊಡಬೇಕಾಗುತ್ತದೆ.

ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ ಪದ್ಧತಿಯಲ್ಲಿರುವ ಸದಸ್ಯರು ವಿಶೇಷ ಎಚ್ಚರ ವಹಿಸತಕ್ಕದ್ದು. ಆ ಪದ್ಧತಿಯಲ್ಲಿರುವವರು ಸರಕನ್ನಾಗಲಿ, 2021ರ ಜನವರಿಯಿಂದ ಸೇವೆಯನ್ನಾಗಲಿ, ಅಂತರರಾಜ್ಯ ಪೂರೈಕೆ ಮಾಡುವಂತಿಲ್ಲ. ಸೇವೆಯ ರಫ್ತನ್ನೂ ಕಾಯ್ದೆ ಅಂತರರಾಜ್ಯ ಪೂರೈಕೆ ಎಂದೇ ಎಣಿಸುತ್ತದೆ. ಕಿರಾಣಿ ಅಂಗಡಿಯ ನೋಂದಣಿ ಸಂಖ್ಯೆಯ ಅಡಿಯಲ್ಲಿಯೇ ಆ್ಯಡ್‌ಸೆನ್ಸ್ ಹಣ ಪಡೆದರೆ ತಿಂಗಳಿಗೆ ಎರಡು ಸಾವಿರದ ಆಸೆಗೆ ಇಡೀ ಅಂಗಡಿಯ ರಾಜಿ ತೆರಿಗೆ ಸೌಲಭ್ಯವೇ ಪ್ರಶ್ನೆಗೆ ಒಳಗಾಗಬಹುದು. ಖಾತೆ ತೆರೆಯುವ ಮೊದಲೇ ತಮ್ಮ ತೆರಿಗೆ ಸಲಹೆಗಾರರೊಡನೆ ಚರ್ಚಿಸುವುದು ಅಗತ್ಯ.

ಹೊರದೇಶದ ಹಣ ಬಂದಾಗ ಬ್ಯಾಂಕಿನವರು ಉದ್ದೇಶ ಸಂಕೇತವನ್ನು ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಜಾಹೀರಾತು ಸೇವೆಗಳದು ಪಿ1007. ಹಣ ಬಂದುದಕ್ಕೆ ಬ್ಯಾಂಕು ಕೊಡುವ ವಿದೇಶಿ ಪಾವತಿ ಪತ್ರವನ್ನು ಕೇಳಿ ಪಡೆದಿಟ್ಟುಕೊಳ್ಳಬೇಕು. ರಫ್ತನ್ನು ಸಾಬೀತುಪಡಿಸಲು ಮುಂದೆ ಬೇಕಾಗುವುದು ಅದೇ. ಜಾಲದ ಲೆಕ್ಕ ಡಾಲರಿನಲ್ಲಿಯೂ ಬ್ಯಾಂಕಿನದು ರೂಪಾಯಿಯಲ್ಲಿಯೂ ಇರುವುದರಿಂದ, ಜಾಲದ ತಿಂಗಳ ಪಟ್ಟಿ, ಪಾವತಿ ಪತ್ರ, ಪಾಸ್‌ಬುಕ್ಕಿನ ನಮೂದು ಈ ಮೂರನ್ನೂ ತಾರೀಖಿನ ಪ್ರಕಾರ ಒಂದೇ ಕಡತದಲ್ಲಿ ಇಟ್ಟರೆ ಲೆಕ್ಕಪರಿಶೋಧಕರ ಕೆಲಸ ಹಗುರವಾಗುತ್ತದೆ.